ಕೇಡಗಾಂವದ ಪಂಡಿತೆ

ಪುಣೆಯಿಂದ ಸೊಲ್ಲಾಪುರದ ಕಡೆಗೆ ಹೋಗುವ ರೈಲುಮಾರ್ಗದಲ್ಲಿ, ದೌಂಡ ಜಂಕ್ಷನ್ನಿಗೆ ಮೊದಲು, ಕೇಡಗಾಂವವೆಂಬ ಒಂದು ಚಿಕ್ಕ ನಿಲ್ದಾಣವಿದೆ. ರಜೆಯಲ್ಲಿ ಕಲಬುರ್ಗಿ, ರಾಯಚೂರುಗಳ ಕಡೆಗೆ ಹೋಗುವ ನಮ್ಮ ಶಾಲೆಯ ಮಕ್ಕಳಲ್ಲಿ ಅನೇಕರು ಅದನ್ನು ಹಾದುಹೋಗಿರುತ್ತಾರೆ. ವೇಗದ ಗಾಡಿಗಳು ಅಲ್ಲಿ ನಿಲ್ಲುವುದಿಲ್ಲವಾದುದರಿಂದ ಫಲಕದ ಹೆಸರನ್ನು ಓದಿಕೊಂಡವರು ಕಡಮೆ. ಒಂದು ಕಾಲದಲ್ಲಿ ಆ ಊರಿನ ಹೊಲಗಳ ನಡುವೆ ಸುಮಾರು ಎರಡು ಸಾವಿರ ಮಂದಿ ಅನಾಥ ಹೆಣ್ಣುಮಕ್ಕಳು ಉಂಡು, ಓದಿ, ದುಡಿದು, ಪ್ರಾರ್ಥಿಸಿ ಬಾಳಿದರು. ಅವರನ್ನು ಅಲ್ಲಿ ನೆಲೆಗೊಳಿಸಿದ ಪಂಡಿತಾ ರಮಾಬಾಯಿಯವರು ಹುಟ್ಟಿದ್ದು ನಮ್ಮ ಕನ್ನಡನಾಡಿನ ಘಟ್ಟದ ಕಾಡಿನಲ್ಲಿ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯ ಮಾಳದವರು, ಮನೆಮಾತು ಮರಾಠಿ. ತರುಣರಾಗಿದ್ದಾಗ ಪುಣೆಗೆ ಹೋಗಿ ಶಾಸ್ತ್ರಾಧ್ಯಯನ ಮಾಡಿದರು. ಅವರ ಗುರುಗಳು ಪೇಶವೆಯ ಪತ್ನಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸೊಬ್ಬಳು ಶ್ಲೋಕಗಳನ್ನು ಶುದ್ಧವಾಗಿ ಓದಬಲ್ಲಳೆಂಬುದನ್ನು ಅಲ್ಲಿ ಕಂಡ ಅನಂತಶಾಸ್ತ್ರಿಗಳು ತಮ್ಮ ಹೆಂಡತಿಗೂ ವಿದ್ಯೆ ಕಲಿಸಬೇಕೆಂದು ನಿಶ್ಚಯಿಸಿದರು. ಊರವರಿಗೆ ಅದು ಸೇರಲಿಲ್ಲ. ಶಾಸ್ತ್ರಿಗಳು ವಾದಕ್ಕೆ ಹಿಮ್ಮೆಟ್ಟುವವರಲ್ಲವಾದರೂ ದಿನನಿತ್ಯದ ಕುಹಕವನ್ನು ಸಹಿಸಿಕೊಂಡು ಊರಲ್ಲಿ ಬಾಳುವುದಕ್ಕಿಂತ ಕಾಡೇ ಲೇಸೆಂದು ಎಣಿಸಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಆಶ್ರಮ ಕಟ್ಟಿದರು. ೧೮೫೮ರ ಏಪ್ರಿಲ್ ತಿಂಗಳಲ್ಲಿ ಅಲ್ಲಿ ರಮಾಬಾಯಿ ಹುಟ್ಟಿದರು.

ಕೂಸಿಗೆ ಆರು ತಿಂಗಳಾಗುವಷ್ಟರಲ್ಲಿ ಸಂಸಾರ ಆಶ್ರಮವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿದ ರಮೆಯನ್ನು ಆಳೊಬ್ಬನು ತಲೆಯ ಮೇಲೆ ಹೊತ್ತು ಘಟ್ಟವಿಳಿಸಿದನು. ಅಂದು ಆರಂಭವಾದ ಅಲೆದಾಟ ಇಪ್ಪತ್ತು ವರ್ಷಗಳ ಮೇಲೆ ನಡೆಯಿತು. ದೇವಸ್ಥಾನಗಳಲ್ಲಿ ಪುರಾಣ ಹೇಳುವುದು, ಕೇಳಿದವರು ಕೊಟ್ಟುದರಲ್ಲಿ ಜೀವನ ನಡೆಸುವುದು: ಇದೇ ಅವರ ವೃತ್ತಿ. ಬೆಳಗಿನ ಜಾವದಲ್ಲಿ ತಾಯಿ ಲಕ್ಷ್ಮೀಬಾಯಿ ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ಪುಸ್ತಕವಿಲ್ಲದೆ, ಹಲಗೆಯಿಲ್ಲದೆ, ಬಾಯಿಪಾಠದಿಂದಲೇ ಹನ್ನೆರಡರ ವಯಸ್ಸಿನಲ್ಲಿ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಆಕೆಗೆ ಕಂಠಸ್ಥವಾಗಿದ್ದುವು. ಒಂದು ಪದ್ಯವನ್ನು ಬಾಯಿಪಾಠ ಮಾಡಿಸಿದರೆ ಮುಖ ಸಣ್ಣದು ಮಾಡಿಕೊಳ್ಳುವ ನಮ್ಮ ಮಕ್ಕಳು ಇದನ್ನು ನಂಬಲಾರರೇನೋ!

ಅನಂತರ ಬಂದಿತು ಬರಗಾಲ. ೧೮೭೪ರಿಂದ ೧೮೭೭ರವರೆಗೆ ದಕ್ಷಿಣ ದೇಶವನ್ನು ಸುಟ್ಟ ಆ ಕ್ಷಾಮದಲ್ಲಿ ಪುರಾಣ ಕೇಳುವವರಾರು? ದಕ್ಷಿಣೆ ಕೊಡುವವರಾರು? ಕೂಲಿ ಮಾಡುವುದು ಕುಲಕ್ಕೆ ಹೀನವೆಂದು ತಿಳಿದಿದ್ದ ಆ ಮನೆತನ ಪಾತ್ರೆಪಡಗಗಳನ್ನೂ ಒಡವೆಗಳನ್ನೂ ಮಾರಿ ತಿಂದು ಕೊನೆಗೆ ಎಲೆಗಳನ್ನು ತಿಂದಿತು. ಮೊದಲು ತಂದೆ, ಕೆಲವೇ ವಾರಗಳ ಮೇಲೆ ತಾಯಿ, ಅನಂತರ ಅಕ್ಕ ತೀರಿಕೊಂಡರು. ತಾಯಿಯ ಶವವನ್ನು ಸಾಗಿಸಲು ಇಬ್ಬರು ಬ್ರಾಹ್ಮಣರು ಮಾತ್ರ ಕನಿಕರಪಟ್ಟು ಬಂದರು. ಅವರೊಡನೆ ಅಣ್ಣ ಶ್ರೀನಿವಾಸನೂ ತಂಗಿಯೂ ಸೇರಿ ನಾಲ್ವರಾದರು. ಎಲ್ಲರಿಗಿಂತ ಗಿಡ್ಡಳಾದ ರಮೆಗೆ ಚಟ್ಟ ಹೆಗಲಿಗೆ ನಿಲುಕಲಿಲ್ಲ. ತಲೆಯ ಮೇಲೆಯೇ ಹೊತ್ತು ಮೂರು ಮೈಲಿ ನಡೆದಳು. ಆಗ ಆಕೆಗೆ ಹದಿನಾರು ವರ್ಷ. ದೇವರಿಗೆ ಮಾಡಬೇಕಾದ ವ್ರತಗಳನ್ನೆಲ್ಲ ಮಾಡಿದವರಿಗೆ ಈ ಗತಿ ಏಕೆ ಬಂದಿತೆಂಬ ಪ್ರಶ್ನೆ ಆ ದಾರಿಯಲ್ಲಿ ಆಕೆಯ ಮನಸ್ಸನ್ನು ಹೊಕ್ಕಿತು. ಅದಕ್ಕೆ ಉತ್ತರವನ್ನು ಹುಡುಕುತ್ತ ಮುಂದಿನ ಎಷ್ಟೋ ವರ್ಷಗಳು ಕಳೆದುವು.

ಉಳಿದ ಅಣ್ಣತಂಗಿಯರು ಕಾಲ್ನಡೆಯಿಂದ ಉತ್ತರ ಭಾರತವನ್ನೆಲ್ಲ ಸುತ್ತಿದರು. ಝೇಲಂ ನದಿಯ ದಡದಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಗುಣಿ ತೋಡಿ, ಮೈಮೇಲೆ ಮರಳನ್ನೆಳೆದುಕೊಂಡು ಮಲಗಿದರು. ೧೮೭೮ರಲ್ಲಿ ಕಲಕತ್ತೆಯನ್ನು ಸೇರಿದಾಗ ಅಲ್ಲಿಯ ವಿದ್ವಾಂಸರು ಇಪ್ಪತ್ತು ವರ್ಷದ ಈ ತರುಣಿಯನ್ನು ಪರೀಕ್ಷಿಸಿ ಬೆರಗಾಗಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದುಗಳನ್ನಿತ್ತರು. ಆ ಊರಿನಲ್ಲಿಯೇ ಆಕೆ ಕ್ರೈಸ್ತರ ಒಂದು ಕೂಟವನ್ನು ಮೊದಲ ಬಾರಿಗೆ ಕಂಡದ್ದು. ಬಂದವರು ತಾವು ಕುಳಿತಿದ್ದ ಕುರ್ಚಿಗಳ ಕಡೆಗೆ ತಿರುಗಿ ಮೊಣಕಾಲೂರಿ ಕಣ್ಣು ಮುಚ್ಚಿ ಏನೋ ಹೇಳತೊಡಗಿದರು. ವಿಗ್ರಹವೊಂದೂ ಎದುರಿಗಿಲ್ಲದುದನ್ನು ನೋಡಿ ಅಣ್ಣತಂಗಿಯರು, ಈ ಜನ ಕುರ್ಚಿಗಳನ್ನು ಪೂಜಿಸುತ್ತಾರೆಂದೇ ತಿಳಿದುಕೊಂಡರಂತೆ.

ಸಂಕಟಗಳು ಇನ್ನೂ ಮುಗಿದಿರಲಿಲ್ಲ. ೧೮೮೦ರಲ್ಲಿ ಅಣ್ಣನು ಢಾಕಾದಲ್ಲಿ ತೀರಿಕೊಂಡನು. ಅದೇ ವರ್ಷ ರಮಾಬಾಯಿಯವರು ವಂಗದೇಶದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿಯ ಕಟ್ಟನ್ನು ಮೀರಿ ವಿವಾಹವಾದರು. ಅಸ್ಸಾಮಿನ ಸಿಲ್ಚರಿನಲ್ಲಿ ಸಂಸಾರ. ಪತಿಯ ಪುಸ್ತಕಗಳ ನಡುವೆ ಬಂಗಾಳಿಯಲ್ಲಿ ಅಚ್ಚಾದ ಲೂಕನ ಸುವಾರ್ತೆಯ ಪುಟ್ಟ ಪುಸ್ತಕವೊಂದು ಸಿಕ್ಕಿತು. ಆಕೆ ಅದನ್ನು ಆಸಕ್ತಿಯಿಂದ ಓದಿದರು. ಪತಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ೧೮೮೧ರಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. ೧೮೮೨ರ ಫೆಬ್ರುವರಿಯಲ್ಲಿ ಕಾಲರಾ ಬಂದು ಪತಿಯನ್ನು ಒಯ್ದಿತು. ಇಪ್ಪತ್ತನಾಲ್ಕು ತುಂಬುವ ಮೊದಲೇ ತಂದೆ, ತಾಯಿ, ಅಕ್ಕ, ಅಣ್ಣ, ಪತಿ ಎಲ್ಲರನ್ನೂ ಕಳೆದುಕೊಂಡು ಆಕೆ ವರ್ಷ ತುಂಬದ ಕೂಸಿನೊಡನೆ ಉಳಿದರು.

ಅಳುತ್ತ ಕುಳಿತವರಲ್ಲ. ಅದೇ ವರ್ಷ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು ಹೆಂಗಸರಿಗೆ ಹೆಂಗಸರೇ ಆದ ಉಪಾಧ್ಯಾಯರೂ ವೈದ್ಯರೂ ಬೇಕೆಂದು ವಾದಿಸಿದರು. ತಾವೇ ವೈದ್ಯವಿದ್ಯೆಯನ್ನು ಕಲಿಯಬೇಕೆಂದು ೧೮೮೩ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೊರಟರು. ಕಿವಿ ಮಂದವಾಗುತ್ತ ಬಂದುದರಿಂದ ಆ ಆಸೆ ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನಲ್ಲಿ ಸಂತ ಮೇರಿಯ ಸಂಘಕ್ಕೆ ಸೇರಿದ ಕ್ರೈಸ್ತ ಸಂನ್ಯಾಸಿನಿಯರು ಅವರಿಗೆ ಆಶ್ರಯ ಕೊಟ್ಟಿದ್ದರು. ಆ ಸೋದರಿಯರು ಲಂಡನ್ನಿನ ಫುಲಮ್ಮಿನಲ್ಲಿ, ದಾರಿ ತಪ್ಪಿದ ಹೆಂಗಸರಿಗಾಗಿ ಒಂದು ಮನೆಯನ್ನು ನಡೆಸುತ್ತಿದ್ದರು. ಸಮಾಜ ಹೊರಗೆ ನೂಕಿದವರನ್ನು ಅಲ್ಲಿ ಅಸಹ್ಯಪಡದೆ ಒಳಗೆ ಕರೆದುಕೊಂಡುದನ್ನು ರಮಾಬಾಯಿಯವರು ಕಣ್ಣಾರೆ ಕಂಡರು. ಯೋಹಾನನ ಸುವಾರ್ತೆಯಲ್ಲಿ, ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತನಾಡಿದ ಕಥೆಯನ್ನು ಓದಿದರು. ೧೮೮೩ರ ಸೆಪ್ಟೆಂಬರ್ ೨೯ರಂದು ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ದೀಕ್ಷೆ ಪಡೆದೊಡನೆ ಎಲ್ಲವೂ ಸುಗಮವಾಯಿತೆಂದು ತಿಳಿಯಬಾರದು. ಸ್ವದೇಶದಲ್ಲಿ ಜನ ಸಿಟ್ಟಾದರು. ಇತ್ತ ಇಂಗ್ಲೆಂಡಿನ ಗುರುಹಿರಿಯರಿಗೆ ಆಕೆ ಹೇಳಿದಂತೆ ಕೇಳುವ ಶಿಷ್ಯೆಯಾಗಿರಬೇಕೆಂಬ ಅಪೇಕ್ಷೆ. ಆಕೆಯೋ ಪ್ರತಿಯೊಂದು ತತ್ತ್ವವನ್ನೂ ತಾನೇ ಸತ್ಯವೇದದಲ್ಲಿ ನೋಡಿ ಒಪ್ಪಬೇಕೆನ್ನುವವರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಏಕಿರಬೇಕು, ಸಂಸ್ಕೃತವೇಕಿರಬಾರದೆಂದು ಕೇಳಿದರು. ಮಾಂಸವನ್ನು ಮುಟ್ಟಲಿಲ್ಲ. ತನ್ನನ್ನು ಆದರಿಸಿದ ಸೋದರಿ ಜೆರಾಲ್ಡೀನರಿಗೆ ಬರೆದ ಪತ್ರಗಳಲ್ಲಿ ಪ್ರೀತಿ ಎಷ್ಟಿದೆಯೋ ವಾದವೂ ಅಷ್ಟೇ ಇದೆ. ನಮಗೆ ತೋರುವ ಮಟ್ಟಿಗೆ ಆ ವರ್ಷಗಳಲ್ಲಿ ಆಕೆಗೆ ಧರ್ಮ ದೊರೆತಿತ್ತು, ನೆಮ್ಮದಿ ದೊರೆತಿರಲಿಲ್ಲ. ಕ್ರೈಸ್ತಮತವನ್ನು ಕಂಡುಕೊಂಡ ಎಂಟು ವರ್ಷಗಳ ಮೇಲೆಯೇ ತಾನು ಕ್ರಿಸ್ತನನ್ನು ಕಂಡುಕೊಂಡುದೆಂದು ಅವರೇ ಮುಂದೆ ಬರೆದಿಟ್ಟಿದ್ದಾರೆ.

೧೮೮೬ರಲ್ಲಿ, ಆನಂದೀಬಾಯಿ ಜೋಶಿಯವರು ವೈದ್ಯಪದವಿ ಪಡೆಯುವುದನ್ನು ನೋಡಲು ಅಮೆರಿಕೆಗೆ ಹೋದ ರಮಾಬಾಯಿಯವರು ಅಲ್ಲಿ ಊರೂರು ತಿರುಗಿ ಭಾರತದ ಬಾಲವಿಧವೆಯರ ಪರವಾಗಿ ಭಾಷಣ ಮಾಡಿದರು, ಪುಸ್ತಕ ಬರೆದರು. ಹತ್ತು ವರ್ಷ ಸಹಾಯ ಮಾಡುವುದಾಗಿ ಬೋಸ್ಟನ್ನಿನಲ್ಲಿ ಒಂದು ಸಂಘ ಹುಟ್ಟಿತು. ೧೮೮೯ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಶಾರದಾ ಸದನವು ತೆರೆಯಿತು. ಮರುವರ್ಷ ಪುಣೆಗೆ ಹೋಯಿತು. ಅದರ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ ಮುಂದೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಪತ್ನಿಯಾದರು. ಮಹಿಳಾ ವಿಶ್ವವಿದ್ಯಾಲಯವನ್ನು ಕಟ್ಟಿದ ಕರ್ವೆಯವರ ಹೆಸರನ್ನು ಮುಂಬಯಿ ಪುಣೆಗಳ ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ.

ಸದನದಲ್ಲಿ ಯಾರ ಮತಕ್ಕೂ ಕೈಹಾಕುವುದಿಲ್ಲವೆಂಬ ಕರಾರಿತ್ತು. ಆದರೆ ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದರು. ಪುಣೆಯಲ್ಲಿ ದೊಡ್ಡ ಗದ್ದಲವೆದ್ದಿತು. ಟಿಳಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. ೧೮೯೩ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳೂ ಸಲಹಾ ಮಂಡಲಿಯಿಂದ ಹೊರಬಂದರು. ಪೋಷಕರು ಇಪ್ಪತ್ತಕ್ಕೂ ಮಿಕ್ಕಿ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಪೋಷಕರ ಆತಂಕ ನಿರಾಧಾರವಾದುದೆಂದು ನಾವು ಹೇಳಲಾರೆವು. ನಂಬಿಕೆಯಿಟ್ಟು ಕಳುಹಿಸಿದ ಮಕ್ಕಳ ವಿಷಯದಲ್ಲಿ ತಂದೆತಾಯಿಗಳು ಕೇಳುವುದು ಸಹಜವೇ. ಆದರೆ ಬಾಗಿಲು ಹಾಕಿಕೊಂಡು ಪ್ರಾರ್ಥಿಸಿದ್ದರೆ ಗದ್ದಲವೇಳುತ್ತಿರಲಿಲ್ಲವೆಂಬುದು ರಮಾಬಾಯಿಯವರಿಗೆ ಗೊತ್ತಿರಲಿಲ್ಲವೆ? ತನ್ನ ಮನೆಯಲ್ಲಿ ತಾನೇ ಬಚ್ಚಿಟ್ಟುಕೊಂಡು ದೇವರನ್ನು ನೆನೆಯುವುದು ಆಕೆಗೆ ಒಪ್ಪಲಿಲ್ಲ. ಬಂದ ನಷ್ಟವನ್ನು ತಲೆಯೊಡ್ಡಿ ತೆಗೆದುಕೊಂಡರು.

ಈ ಒಂಟಿತನ ಕಳೆದದ್ದು ಇನ್ನೊಂದು ಬರಗಾಲದಿಂದ. ೧೮೯೬-೯೭ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ಬಿದ್ದಿತು. ಪರಿಹಾರ ಶಿಬಿರಗಳಲ್ಲಿಯೂ ರಸ್ತೆಗಳ ಬದಿಯಲ್ಲಿಯೂ ಎಲುಬಿನ ಗೂಡಾಗಿದ್ದ ಹುಡುಗಿಯರನ್ನು ಕಂಡಾಗ ಪಂಡಿತೆಗೆ ತನ್ನ ಹದಿನಾರನೆಯ ವರ್ಷ ಕಣ್ಣೆದುರಿಗೆ ನಿಂತಿತು. ಅಂಥ ಹುಡುಗಿಯರನ್ನು ಕೆಟ್ಟ ಉದ್ದೇಶದಿಂದ ಹಿಡಿದುಕೊಂಡು ಹೋಗುವವರೂ ಅಲ್ಲಿ ಸುಳಿದಾಡುತ್ತಿದ್ದರು. ಕೈಯಲ್ಲಿ ಹಣವಿಲ್ಲದಿದ್ದರೂ ಮುನ್ನೂರು ಮಂದಿಯನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು. ಇಷ್ಟು ಜನರನ್ನು ಪಟ್ಟಣದಲ್ಲಿ ಇರಿಸುವಂತಿರಲಿಲ್ಲ. ಕೇಡಗಾಂವದಲ್ಲಿ, ಸದನದ ಖರ್ಚಿಗೆ ಆದೀತೆಂದು ಕೊಂಡಿದ್ದ ಹೊಲವಿತ್ತು. ಅಲ್ಲಿ ಗುಡಾರ ಹೂಡಿ, ಗುಡಿಸಲು ಕಟ್ಟಿ, ಬಾವಿ ತೋಡಿ ಎಲ್ಲರನ್ನೂ ಇಳಿಸಿದರು. ಆ ನೆಲೆಗೆ ಮುಕ್ತಿ ಎಂದು ಹೆಸರಾಯಿತು. ೧೯೦೦ರಲ್ಲಿ ಗುಜರಾತಿಗೆ ಬರ ಬಂದಾಗ ಮತ್ತೆ ನೂರಾರು ಮಕ್ಕಳು ಸೇರಿ ಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಏರಿತು.

ಅವರಿಗೆ ಊಟ ಹಾಕಿದರೆ ಸಾಲದು. ಹಸಿವಿನಿಂದ ನಾಚಿಕೆಯನ್ನೂ ಕರುಣೆಯನ್ನೂ ಮರೆತಿದ್ದ ಆ ಮಕ್ಕಳು ತಿನಿಸಿಗಾಗಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು; ರೋಗಗಳು ಬೇರೆ. ಸದನದಲ್ಲಿ ಮೊದಲು ಓದಿದ್ದ ಹುಡುಗಿಯರು ಈಗ ದಾದಿಯರಾದರು, ಉಪಾಧ್ಯಾಯಿನಿಯರಾದರು. ಒಬ್ಬೊಬ್ಬರೂ ಒಂದು ಗುಂಪಿನ ತಾಯಿಯಾದರು. ಓದಿನ ಜತೆಗೆ ನೇಯ್ಗೆ, ಹೊಲಿಗೆ, ಹೈನು, ಎಣ್ಣೆಗಾಣ, ಬೇಸಾಯ, ಅಚ್ಚುಕೆಲಸ. ಕುರುಡಿಯರಿಗೆ ಬರ್ತಿಮೀ ಸದನ, ಮೋಸಹೋದ ಹೆಂಗಸರಿಗೆ ಕೃಪಾ ಸದನ. ಅಮೆರಿಕೆಯಲ್ಲಿ ಓದಿ ಬಂದ ಮನೋರಮೆ ಕುರುಡು ಹುಡುಗಿಯರ ಬೆರಳಿಗೆ ಬ್ರೈಲ್ ಅಕ್ಷರಗಳನ್ನು ಕಲಿಸಿದಳು. ೧೮೯೯ರಲ್ಲಿ ದೇವಾಲಯಕ್ಕೆ ಅಡಿಗಲ್ಲು ಬಿದ್ದಿತು. ಅದರೊಳಗೆ ಸಾಲುಸಾಲಾಗಿ ನೆಲದ ಮೇಲೆ ಕುಳಿತು ಮರಾಠಿಯಲ್ಲಿ ಹಾಡುವ ಸಭೆ ಅದು. ಕಲಕತ್ತೆಯ ಕುರ್ಚಿಗಳು ಇಲ್ಲಿರಲಿಲ್ಲ. ವಿಲಾಯತಿಯ ಯಾವ ಒಂದು ಪಂಗಡಕ್ಕೂ ಈ ಸಭೆ ಸೇರಿದುದಲ್ಲ. ಬೆಳಗಾಗೆದ್ದು ಅಂದಿನ ಜೋಳಕ್ಕಾಗಿ ಒಟ್ಟಿಗೆ ಬೇಡಿಕೊಂಡವರು, ಕಾಹಿಲೆ ಬಿದ್ದವಳ ಬಳಿ ಸರದಿಯಂತೆ ರಾತ್ರಿ ಎಚ್ಚತ್ತಿದ್ದವರು, ಸತ್ತವಳನ್ನು ಹೊತ್ತು ಮಣ್ಣುಮಾಡಿದವರು: ಅವರೇ ಸಭೆ. ತಾಯಿಯ ಚಟ್ಟಕ್ಕೆ ನಾಲ್ಕನೆಯ ಹೆಗಲನ್ನು ಕಾಣದಿದ್ದ ರಮಾಬಾಯಿಯವರು ಮುಕ್ತಿಯಲ್ಲಿ ಒಂಟಿಯಾಗಿ ಯಾರನ್ನೂ ಬಿಡಲಿಲ್ಲ. ಆಕೆಯ ನಂಬಿಕೆ ಬಲಿತದ್ದು ವಾಂಟೇಜಿನ ವಾದಗಳಲ್ಲಿ ಅಲ್ಲ, ಈ ಅಂಗಳದಲ್ಲಿ ಎಂದು ನಮ್ಮ ಅಭಿಪ್ರಾಯ. ೧೯೦೫ರಲ್ಲಿ ಇಲ್ಲಿಯ ಪ್ರಾರ್ಥನಾಕೂಟಗಳಲ್ಲಿ ನೂರಾರು ಹುಡುಗಿಯರು ಕಣ್ಣೀರಿಟ್ಟು ಕೂಗಿ ಪ್ರಾರ್ಥಿಸತೊಡಗಿದ ಸುದ್ದಿ ದೂರದೂರಕ್ಕೆ ಹಬ್ಬಿತು. ಆ ಸದ್ದನ್ನು ಅತಿಯಾಯಿತೆಂದು ಟೀಕಿಸಿದವರೂ ಇದ್ದರು. ರಮಾಬಾಯಿಯವರು ಮಕ್ಕಳ ಬಾಯಿ ಮುಚ್ಚಿಸಲಿಲ್ಲ.

ಹಳ್ಳಿಯ ಹೆಂಗಸರಿಗೆ ಆಗಿನ ಮರಾಠಿ ಸತ್ಯವೇದದ ಭಾಷೆ ಕಠಿಣವಾಗಿತ್ತು. ಐವತ್ತರ ಹತ್ತಿರದ ವಯಸ್ಸಿನಲ್ಲಿ ಪಂಡಿತೆ ಹೀಬ್ರೂ ಗ್ರೀಕ್ ಭಾಷೆಗಳನ್ನು ಹಿಡಿದು ಸರಳವಾದ ಮರಾಠಿಯಲ್ಲಿ ಅದನ್ನು ಮೊದಲಿನಿಂದ ಅನುವಾದಿಸತೊಡಗಿದರು. ಕಿವಿ ಪೂರ್ತಿ ಮಂದವಾಗಿತ್ತು. ಮನೋರಮೆ ಶಾಲೆಯ ಭಾರವನ್ನು ಹೊತ್ತಳು. ನಿಜಾಮರ ರಾಜ್ಯದಲ್ಲಿದ್ದ ನಮ್ಮ ಕಲಬುರ್ಗಿಯಲ್ಲಿಯೂ ಹೆಣ್ಣುಮಕ್ಕಳಿಗಾಗಿ ಶಾಂತಿ ಸದನವನ್ನು ನಡೆಸಿದಳು. ತನ್ನ ಅನಂತರ ಎಲ್ಲವನ್ನೂ ಅವಳೇ ನೋಡಿಕೊಳ್ಳುವಳೆಂದು ತಾಯಿ ನಂಬಿದ್ದರು. ೧೯೨೧ರ ಜುಲೈಯಲ್ಲಿ, ನಲವತ್ತರ ಹರೆಯದಲ್ಲಿ ಮನೋರಮೆ ತೀರಿಕೊಂಡಳು.

ಆ ದಿನಗಳಲ್ಲಿಯೂ ತಾಯಿ ಕರಡಚ್ಚುಗಳನ್ನು ತಿದ್ದುವುದನ್ನು ನಿಲ್ಲಿಸಲಿಲ್ಲ. ೧೯೨೨ರ ಏಪ್ರಿಲ್ ೫ರಂದು ನಿದ್ರೆಯಲ್ಲಿಯೇ ಅವರ ಪ್ರಾಣ ಹೋಯಿತು. ಸಂಪೂರ್ಣ ಸತ್ಯವೇದವು ೧೯೨೪ರಲ್ಲಿ ಮುಕ್ತಿಯ ಅಚ್ಚುಕೂಟದಿಂದ ಹೊರಬಂದಿತು. ಅದರ ಮೊಳೆಗಳನ್ನು ಜೋಡಿಸಿದವರು, ಹಾಳೆಗಳನ್ನು ಮಡಚಿ ಹೊಲಿದವರು ಮುಕ್ತಿಯ ಹೆಣ್ಣುಮಕ್ಕಳೇ.