ನೀರಿನಿಂದ ಮೇಲೆದ್ದು ಓಡಿದ ದೋಣಿ: ಅಲೆಕ್ಸಾಂಡರ್ ಗ್ರಹಾಂ ಬೆಲ್

ಗ್ರಹಾಂ ಬೆಲ್ ಎಂದರೆ ನಮಗೆಲ್ಲ ದೂರವಾಣಿ ನೆನಪಾಗುತ್ತದೆ. ಆದರೆ 72ನೆಯ ವಯಸ್ಸಿನಲ್ಲಿ ಅವರು ವಿಶ್ವದಾಖಲೆಯ ವೇಗದ ದೋಣಿಯೊಂದನ್ನು ಕಟ್ಟಿಸಿದ ಸಂಗತಿ ಹೆಚ್ಚು ಜನರಿಗೆ ತಿಳಿದಿಲ್ಲ.

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ತಾಯಿಗೆ ಕಿವಿ ಮಂದವಾಗಿತ್ತು. ಮುಂದೆ ಬೆಲ್ ಅಮೆರಿಕದ ಬಾಸ್ಟನ್ನಿನಲ್ಲಿ ಕಿವುಡರಿಗೆ ಮಾತು ಕಲಿಸುವ ಶಿಕ್ಷಕರಾದರು. 1876ರ ಮಾರ್ಚ್ 7ರಂದು ದೂರವಾಣಿಯ ಪೇಟೆಂಟ್ ದೊರೆತಾಗ ಅವರಿಗೆ 29 ವರ್ಷ. ಮರುವರ್ಷ, ಬಾಲ್ಯದಲ್ಲೇ ಜ್ವರದಿಂದ ಶ್ರವಣಶಕ್ತಿ ಕಳೆದುಕೊಂಡಿದ್ದ ತಮ್ಮ ಶಿಷ್ಯೆ ಮೇಬಲ್ ಅವರನ್ನು ವಿವಾಹವಾದರು.

ಹಣ, ಕೀರ್ತಿ ಎರಡೂ ಬಂದವು. ಆದರೂ ಬೆಲ್ ಸುಮ್ಮನೆ ಕೂರಲಿಲ್ಲ. ಕೆನಡಾದ ಬ್ಯಾಡೆಕ್ ಎಂಬ ಸಣ್ಣ ಊರಿನ ಬಳಿ, ಬ್ರಾಡೋರ್ ಸರೋವರದ ದಡದಲ್ಲಿ ಮನೆ ಮತ್ತು ಕಾರ್ಯಾಗಾರ ಕಟ್ಟಿಸಿದರು. 1907ರಲ್ಲಿ ನಾಲ್ವರು ತರುಣರೊಡನೆ ಸೇರಿ ವಿಮಾನ ಪ್ರಯೋಗ ಆರಂಭಿಸಿದರು. ಅದಕ್ಕೆ ಹಣ ಕೊಟ್ಟವರು ಮೇಬಲ್. 1909ರ ಫೆಬ್ರವರಿ 23ರಂದು ಹೆಪ್ಪುಗಟ್ಟಿದ ಅದೇ ಸರೋವರದ ಮೇಲಿಂದ ಅವರ ವಿಮಾನ ಹಾರಿತು.

ಬಳಿಕ ಅವರ ಗಮನ ನೀರಿನತ್ತ ತಿರುಗಿತು. ನಮ್ಮ ದುಬಾರೆಯಲ್ಲಿ ಕಾವೇರಿ ದಾಟಿಸುವ ದೋಣಿಯನ್ನು ನೋಡಿದವರಿಗೆ ಗೊತ್ತು: ದೋಣಿ ತನ್ನ ಹೊಟ್ಟೆಯಿಂದ ನೀರನ್ನು ತಳ್ಳಿಕೊಂಡೇ ಸಾಗಬೇಕು. ವೇಗ ಹೆಚ್ಚಿದಷ್ಟೂ ನೀರಿನ ತಡೆ ಹೆಚ್ಚು. ಹರಿಯುವ ತೋಡಿನಲ್ಲಿ ಅಂಗೈಯನ್ನು ತುಸು ಓರೆಯಾಗಿ ಹಿಡಿದರೆ ಕೈ ಮೇಲಕ್ಕೇಳುತ್ತದೆ. ಹಾಗೆಯೇ ದೋಣಿಯ ಕೆಳಗೆ ರೆಕ್ಕೆ ಕಟ್ಟಿದರೆ, ವೇಗ ಬಂದಾಗ ಒಡಲು ನೀರಿನಿಂದ ಮೇಲೆದ್ದು ತಡೆ ಕಡಿಮೆಯಾಗುತ್ತದೆ. ಇದೇ ಹೈಡ್ರೋಫಾಯಿಲ್. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಆದ್ದರಿಂದ ಸಣ್ಣ ರೆಕ್ಕೆಯೇ ಸಾಕು.

ಇಟಲಿಯ ಫೋರ್ಲಾನಿನಿ ಇಂಥ ದೋಣಿಯನ್ನು ಮೊದಲೇ ಓಡಿಸಿದ್ದರು. ವಿಶ್ವಪ್ರವಾಸದಲ್ಲಿ ಬೆಲ್ ಅದನ್ನು ಹತ್ತಿ ನೋಡಿ ಬಂದರು. ಸಹಾಯಕ ಕೇಸಿ ಬಾಲ್ಡ್‌ವಿನ್ ಜೊತೆ ವರ್ಷಗಟ್ಟಲೆ ಪ್ರಯೋಗ ನಡೆಸಿ, ಬ್ಯಾಡೆಕ್ಕಿನ ಕೆಲಸಗಾರರ ಕೈಯಲ್ಲಿ ಸುಮಾರು 18 ಮೀಟರ್ ಉದ್ದದ ಎಚ್‌ಡಿ-4 ದೋಣಿಯನ್ನು ಕಟ್ಟಿಸಿದರು. ಅದರ ರೆಕ್ಕೆಗಳು ಏಣಿಯ ಮೆಟ್ಟಿಲುಗಳಂತೆ ಒಂದರ ಕೆಳಗೊಂದಿದ್ದವು. 1919ರ ಸೆಪ್ಟೆಂಬರ್ 9ರಂದು, 350 ಅಶ್ವಶಕ್ತಿಯ ಎರಡು ಎಂಜಿನ್‌ಗಳ ಬಲದಿಂದ ಅದು ಗಂಟೆಗೆ 114 ಕಿಲೋಮೀಟರ್ ವೇಗದಲ್ಲಿ ಓಡಿ ವಿಶ್ವದಾಖಲೆ ಸ್ಥಾಪಿಸಿತು. ನಡೆಸಿದವರು ಬಾಲ್ಡ್‌ವಿನ್.

ನೌಕಾಪಡೆಯವರು ಬಂದು ನೋಡಿ ಮೆಚ್ಚಿದರು. ಆದರೆ ಯಾರೂ ಕೊಳ್ಳಲಿಲ್ಲ. ದೋಣಿಯ ಒಡಲು ದಡ ಸೇರಿತು. 1922ರ ಆಗಸ್ಟ್ 2ರಂದು ಬೆಲ್ ಅಲ್ಲಿಯೇ ತೀರಿಕೊಂಡರು. ಅಂತ್ಯಕ್ರಿಯೆಯ ವೇಳೆ ಉತ್ತರ ಅಮೆರಿಕದ ದೂರವಾಣಿಗಳು ಒಂದು ನಿಮಿಷ ಮೌನವಾದವು. ಐದು ತಿಂಗಳಲ್ಲಿ ಮೇಬಲ್ ಅವರೂ ನಿಧನರಾದರು.

ಆ ಶ್ರಮ ವ್ಯರ್ಥವಾಗಲಿಲ್ಲ. 1953ರಲ್ಲಿ ಇಟಲಿ ಮತ್ತು ಸ್ವಿಟ್ಜರ್ಲೆಂಡ್ ನಡುವಿನ ಮಜ್ಜೋರೆ ಸರೋವರದಲ್ಲಿ ಹೈಡ್ರೋಫಾಯಿಲ್ ಪ್ರಯಾಣಿಕರ ಸೇವೆಗೆ ಬಂತು. ಸೋವಿಯತ್ ದೇಶದ ನದಿಗಳಲ್ಲಿಯೂ ಜನರನ್ನು ಹೊತ್ತು ಓಡಿತು. ಕೆನಡಾದ ನೌಕಾಪಡೆ ತನ್ನ ಹೈಡ್ರೋಫಾಯಿಲ್ ಹಡಗಿಗೆ ಬ್ರಾಡೋರ್ ಎಂದೇ ಹೆಸರಿಟ್ಟಿತು. ಎಚ್‌ಡಿ-4ರ ಒಡಲನ್ನು ಇಂದು ಬ್ಯಾಡೆಕ್ಕಿನ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ವಿಶ್ವದಾಖಲೆಯ ಆ ದೋಣಿ ಸಿದ್ಧವಾದದ್ದು ಮಹಾನಗರದಲ್ಲಲ್ಲ, ನಮ್ಮದರಂಥ ಒಂದು ಸಣ್ಣ ಊರಿನಲ್ಲಿ. ಕಟ್ಟಿಸಿದವರು ಎಪ್ಪತ್ತು ದಾಟಿಯೂ ಕಲಿಯುತ್ತಲೇ ಇದ್ದ ಒಬ್ಬ ಶಿಕ್ಷಕರು. ನಮ್ಮ ಶಾಲೆಯ ಮಕ್ಕಳು ನೆನಪಿನಲ್ಲಿಡಬೇಕಾದ ಮಾತಿದು.