ಅಳತೆಯ ಅನ್ಯಾಯಕ್ಕೆ ಎದುರು ನಿಂತ ಶಾಂತವೇರಿ ಗೋಪಾಲಗೌಡರು

ಬೆಟ್ಟಕ್ಕೆ ಬರುವ ಭಕ್ತಾದಿಗಳಲ್ಲಿ ಬಹಳ ಜನ ತಾಳಗುಪ್ಪದ ರೈಲಿಗೆ ಬಂದಿಳಿಯುತ್ತಾರೆ. ತಾಳಗುಪ್ಪಕ್ಕೆ ಮುಂಚೆ ಸಿಗೋದು ಸಾಗರ. ಅಲ್ಲಿನ ಕ್ರೀಡಾಂಗಣಕ್ಕೆ ಗೋಪಾಲಗೌಡರ ಹೆಸರಿದೆ. ಶಿವಮೊಗ್ಗದಲ್ಲಿ ಒಂದು ಬಡಾವಣೆಗೇ ಅವರ ಹೆಸರು. ಇವರು ಯಾರು ಅಂತ ದೂರದಿಂದ ಬಂದ ಭಕ್ತರು ಕೇಳುವುದುಂಟು. ನ್ಯಾಯಕ್ಕಾಗಿ ಬದುಕು ಸವೆಸಿದವರ ಚರಿತ್ರೆ ತಿಳಿಯುವುದೂ ಪುಣ್ಯದ ಕೆಲಸವೇ ಆದ್ದರಿಂದ ಇಲ್ಲಿ ಸಂಕ್ಷಿಪ್ತವಾಗಿ ಬರೆದಿದೆ.

ಶ್ರೀ ಗೋಪಾಲಗೌಡರು 1923ರ ಮಾರ್ಚ್ 14ರಂದು ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ ಜನಿಸಿದರು. ಬಡತನದಲ್ಲೇ ಬೆಳೆದರು. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಧುಮುಕಿ ಜೈಲು ಸೇರಿದರು. ಸ್ವಾತಂತ್ರ್ಯ ಬಂದ ಮೇಲೂ ಸುಮ್ಮನೆ ಕೂರದೆ ಸಮಾಜವಾದಿ ಪಕ್ಷದಲ್ಲಿ ನಿಂತು ಬಡವರ ಪರ ದುಡಿದರು.

ಆಗ ಈ ಸೀಮೆಯಲ್ಲಿ ಗೇಣಿ ಪದ್ಧತಿ ಇತ್ತು. ಉಳುವವನೊಬ್ಬ, ಜಮೀನು ಇನ್ನೊಬ್ಬರದು. ಸುಗ್ಗಿ ಮುಗಿದ ಮೇಲೆ ಒಡೆಯರಿಗೆ ಗೇಣಿ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕಿತ್ತು. ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗವೇ ದೊಡ್ಡದು! ಅಳೆದು ಕೊಟ್ಟದ್ದಕ್ಕೆ ರಸೀದಿಯೂ ಇಲ್ಲ. ವರ್ಷವೆಲ್ಲಾ ಕೆಸರಿನಲ್ಲಿ ದುಡಿದವನ ಮನೆಗೆ ಕೊನೆಗೆ ಉಳಿಯೋದು ಅಷ್ಟಕ್ಕಷ್ಟೆ. ಹೆಚ್ಚಿನ ಗೇಣಿದಾರರು ದೀವರು. ಶ್ರೀ ಎಚ್. ಗಣಪತಿಯಪ್ಪನವರು ಊರೂರು ಸುತ್ತಿ ಇವರನ್ನು ರೈತ ಸಂಘದಲ್ಲಿ ಒಟ್ಟುಗೂಡಿಸಿದರು. ಸರಿಯಾದ ಕೊಳಗ ಬಳಸಿ, ರಸೀದಿ ಕೊಡಿ ಅಂತ ರೈತರು ಕೇಳಿದರು. ಕೇಳಿದ್ದು ಇಷ್ಟೇ. ಅದಕ್ಕೆ ಅವರನ್ನು ಜಮೀನಿನಿಂದಲೇ ಎಬ್ಬಿಸಲಾಯಿತು.

1951ರ ಏಪ್ರಿಲ್ 18ರಂದು ಕಾಗೋಡು ಸತ್ಯಾಗ್ರಹ ಶುರುವಾಯಿತು. ರೈತರು ತಂಡ ತಂಡವಾಗಿ ನೇಗಿಲು ಹಿಡಿದು ಗದ್ದೆಗೆ ಇಳಿಯೋದು, ಪೊಲೀಸರು ಬಂಧಿಸೋದು, ಮರುದಿನ ಇನ್ನೊಂದು ತಂಡ. ಆಗ ಗೋಪಾಲಗೌಡರಿಗೆ ಇಪ್ಪತ್ತೆಂಟು ವರ್ಷ. ಹೋರಾಟದ ಮುಂದಾಳಾಗಿ ನಿಂತು ತಾವೂ ಬಂಧನಕ್ಕೊಳಗಾದರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದರು, ಅವರನ್ನೂ ಬಂಧಿಸಲಾಯಿತು. ಹೀಗೆ ಮಲೆನಾಡಿನ ಒಂದು ಹಳ್ಳಿಯ ಕೊಳಗದ ಜಗಳ ದೇಶಕ್ಕೇ ತಿಳಿಯಿತು.

ಹಾಗಂತ ಸತ್ಯಾಗ್ರಹ ಆದ ಕೂಡಲೇ ಜಮೀನು ರೈತರಿಗೆ ಸಿಗಲಿಲ್ಲ. ಆದರೆ ತಲೆ ತಗ್ಗಿಸಿಯೇ ನಿಲ್ಲುತ್ತಿದ್ದವರು ತಲೆ ಎತ್ತಿದರು. 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದ ಜನ ಗೋಪಾಲಗೌಡರನ್ನು ಗೆಲ್ಲಿಸಿ ವಿಧಾನಸಭೆಗೆ ಕಳಿಸಿದರು. 1957ರಲ್ಲಿ ಸೋತರೂ ಎದೆಗುಂದಲಿಲ್ಲ. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಗೆದ್ದರು. ಉಳುವವನಿಗೆ ಭೂಮಿ ಸಿಗಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾಗಬೇಕು ಅಂತ ಸಭೆಯಲ್ಲಿ ಬಿಡದೆ ವಾದಿಸಿದರು. ಅವರು ಮಾತಿಗೆ ನಿಂತರೆ ವಿರೋಧಿಗಳೂ ಕಿವಿಗೊಡುತ್ತಿದ್ದರು. ಮೂರು ಸಲ ಶಾಸಕರಾದರೂ ಆಸ್ತಿ ಮಾಡಿಕೊಳ್ಳಲಿಲ್ಲ. ಸಾಹಿತ್ಯ, ಸಂಗೀತ ಎಂದರೆ ಪ್ರಾಣ.

ಕಾಯಿಲೆಯಿಂದ ನರಳಿ 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಮರು ವರ್ಷ ನವೆಂಬರ್ 1ಕ್ಕೆ ರಾಜ್ಯ ಕರ್ನಾಟಕವಾಯಿತು. 1974ರಲ್ಲಿ ಶ್ರೀ ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು, ಗೇಣಿದಾರರು ಡಿಕ್ಲರೇಷನ್ ಅರ್ಜಿ ಹಾಕಿ ಜಮೀನಿನ ಒಡೆತನ ಪಡೆದರು. ಇದೆರಡನ್ನೂ ಕಣ್ಣಾರೆ ನೋಡುವ ಭಾಗ್ಯ ಗೌಡರಿಗೆ ಇರಲಿಲ್ಲ. ಬಿತ್ತಿದವರು ಅವರು, ಉಂಡವರು ನಾವು.

ಅಂದಿನ ಒಡೆಯರ ಮನೆಯವರೂ ಗೇಣಿದಾರರ ಮನೆಯವರೂ ಇಂದು ಒಂದೇ ಸಾಲಿನಲ್ಲಿ ನಿಂತು ದೇವರ ದರ್ಶನ ಮಾಡುತ್ತಾರೆ, ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುತ್ತಾರೆ. ಯಾರ ಮೇಲೂ ದ್ವೇಷ ಬೇಡ. ಆದರೆ ಅಂಗಡಿಯಾಗಲಿ, ಕಣವಾಗಲಿ, ಅಳತೆಯಲ್ಲಿ ಮೋಸ ಮಾಡಿ ಹುಂಡಿಗೆ ಎಷ್ಟು ಹಾಕಿದರೂ ದೇವರು ಮೆಚ್ಚುವುದಿಲ್ಲ ಎಂಬುದನ್ನು ಭಕ್ತಾದಿಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸರ್ವರಿಗೂ ಸನ್ಮಂಗಳವಾಗಲಿ.