ಖರ್ಚೆಂದು ನಿಲ್ಲಿಸಿದ ಕ್ಯಾಮೆರಾ

ಕಳೆದ ದಸರಾ ರಜೆಯಲ್ಲಿ ಮನೆಯವರೆಲ್ಲ ಬೇಲೂರು, ಹಳೇಬೀಡಿಗೆ ಹೋಗಿದ್ದೆವು. ಒಂದೇ ದಿನ ಮೊಬೈಲಿನಲ್ಲಿ ಮುನ್ನೂರಕ್ಕೂ ಹೆಚ್ಚು ಫೋಟೋ ತೆಗೆದೆ. ಮನೆಗೆ ಬಂದು ನೋಡಿದರೆ ಇಟ್ಟುಕೊಳ್ಳುವಂಥವು ನಾಲ್ಕೇ ನಾಲ್ಕು. ಒಂದು ಒಳ್ಳೆಯ ಕ್ಯಾಮೆರಾ ಕೊಡಿಸಿ ಎಂದು ಅಬ್ಬಾರನ್ನು ಕೇಳಿದೆ. ಕಾಮರ್ಸ್ ಓದುವವರಿಗೆ ಅದೆಲ್ಲ ದುಡ್ಡು ದಂಡ ಎಂದುಬಿಟ್ಟರು. ಅದೇ ಹಳೇಬೀಡನ್ನು 170 ವರ್ಷಗಳ ಹಿಂದೆ ಕ್ಯಾಮೆರಾದಲ್ಲಿ ಹಿಡಿದ ಒಬ್ಬರಿಗೆ ಸರ್ಕಾರವೂ ಇದೇ ಕಾರಣ ಹೇಳಿತ್ತೆಂದು ಆಮೇಲೆ ಓದಿ ತಿಳಿಯಿತು. ಅವರ ಹೆಸರು ಲಿನೇಯಸ್ ಟ್ರೈಪ್.

ಟ್ರೈಪ್ ಅವರು 1822ರ ಏಪ್ರಿಲ್ 14ರಂದು ಇಂಗ್ಲೆಂಡಿನ ಡೆವನ್‌ಪೋರ್ಟ್ ಎಂಬ ಬಂದರು ಪಟ್ಟಣದಲ್ಲಿ ಜನಿಸಿದರು. 1839ರಲ್ಲಿ, ಹೆಚ್ಚುಕಡಿಮೆ ನಮ್ಮದೇ ವಯಸ್ಸಿನಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿದರು. ಛಾಯಾಗ್ರಹಣ ಎಂಬ ಹೊಸ ವಿದ್ಯೆಯ ಸುದ್ದಿ ಜಗತ್ತಿಗೆ ತಿಳಿದದ್ದೂ ಅದೇ ವರ್ಷ. ಆದರೆ ಟ್ರೈಪ್ ಅವರು 1840ರ ದಶಕವನ್ನು ಭಾರತದಲ್ಲಿ ಸಿಪಾಯಿಗಳ ನಡುವೆಯೇ ಕಳೆದರು. ದೀರ್ಘ ರಜೆಯ ಮೇಲೆ ಊರಿಗೆ ಹೋದಾಗ ಈ ವಿದ್ಯೆಯನ್ನು ಕಲಿತು, 1853ರಲ್ಲಿ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿಯ ಸದಸ್ಯರಾದರು. 1854ರಲ್ಲಿ ಬೆಂಗಳೂರಿಗೆ ಮರಳಿದಾಗ ಅವರ ಸಾಮಾನುಗಳ ಜೊತೆ ಕ್ಯಾಮೆರಾವೂ ಇತ್ತು.

ಆಗಿನ ಕೆಲಸ ಬೆರಳೊತ್ತಿದರೆ ಮುಗಿಯುವಂಥದ್ದಲ್ಲ. ಟ್ರೈಪ್ ಅವರ ನೆಗೆಟಿವ್ ಕಾಗದದ್ದು. ಕಾಗದಕ್ಕೆ ಮೇಣ ಹಿಡಿಸಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಕತ್ತಲಲ್ಲಿ ಒಣಗಿಸಬೇಕು. ಚಿತ್ರವನ್ನು ದೊಡ್ಡದು ಮಾಡುವ ಸೌಲಭ್ಯ ಇರಲಿಲ್ಲ. ಹಾಗಾಗಿ ಚಿತ್ರ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು, ಅದು ಹಿಡಿಸುವಷ್ಟು ದೊಡ್ಡ ಪೆಟ್ಟಿಗೆಯ ಕ್ಯಾಮೆರಾವನ್ನು ಊರೂರಿಗೆ ಹೊತ್ತೊಯ್ಯಬೇಕು. ಬಿಸಿಲು, ಧೂಳು, ಸೆಕೆ ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಇಡೀ ದಿನದ ಶ್ರಮ ಹಾಳು.

ಇಷ್ಟೆಲ್ಲ ಕಷ್ಟದ ನಡುವೆ 1854ರ ಡಿಸೆಂಬರಿನಲ್ಲಿ ಅವರು ಬೇಲೂರು, ಹಳೇಬೀಡು, ಶ್ರವಣಬೆಳಗೊಳದ ಚಿತ್ರಗಳನ್ನು ತೆಗೆದರು. 1855ರ ಮದರಾಸು ವಸ್ತುಪ್ರದರ್ಶನದಲ್ಲಿಟ್ಟ 68 ಚಿತ್ರಗಳಿಗೆ ಪ್ರಥಮ ದರ್ಜೆಯ ಪದಕ ಬಂತು. ಅದೇ ವರ್ಷ ಗವರ್ನರ್ ಜನರಲ್ ಡಾಲ್‌ಹೌಸಿ ಬರ್ಮಾದ ರಾಜನ ಬಳಿಗೆ ಕಳಿಸಿದ ನಿಯೋಗದಲ್ಲಿ ಟ್ರೈಪ್ ಛಾಯಾಗ್ರಾಹಕರಾಗಿ ಹೋದರು. ಮೋಡ ಮುಸುಕಿದ ದಿನಗಳು, ಅನಾರೋಗ್ಯ ಎರಡನ್ನೂ ಸಹಿಸಿ 200ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ತಂದರು. ಅವುಗಳಲ್ಲಿ 120ನ್ನು ಆರಿಸಿ, ತಲಾ 50 ಪ್ರತಿ ಮುದ್ರಿಸಿದ್ದು ನಮ್ಮ ಬೆಂಗಳೂರಿನಲ್ಲಿ. ಲೆಕ್ಕ ಹಾಕಿ, 6,000 ಚಿತ್ರಗಳು! ಪ್ರತಿಯೊಂದನ್ನೂ ಬಿಸಿಲಿಗೆ ಒಡ್ಡಿ ಕೈಯಿಂದಲೇ ಮಾಡಬೇಕಿತ್ತು.

ಅವರು ಒಬ್ಬ ಕಲಾವಿದರೂ ಹೌದು. ಆ ಕಾಲದ ನೆಗೆಟಿವ್‌ಗಳಲ್ಲಿ ಆಕಾಶ ಸರಿಯಾಗಿ ಮೂಡುತ್ತಿರಲಿಲ್ಲ. ಟ್ರೈಪ್ ಅವರು ಬಣ್ಣ ಮತ್ತು ಕುಂಚ ಹಿಡಿದು ನೆಗೆಟಿವ್ ಮೇಲೆಯೇ ಮೋಡಗಳನ್ನು ಬರೆದರು, ಮರದ ಎಲೆಗಳನ್ನು ತಿದ್ದಿದರು. ನಾವು ಫಿಲ್ಟರ್ ಎನ್ನುವುದನ್ನು ಅವರು ತಾಳ್ಮೆಯಿಂದ ಮಾಡಿದ್ದರು.

ಮುಂದೆ ಮದರಾಸು ಸರ್ಕಾರ ಅವರನ್ನು ತನ್ನ ಛಾಯಾಗ್ರಾಹಕರನ್ನಾಗಿ ನೇಮಿಸಿತು. ತಾನು ಆಳುವ ನಾಡಿನ ಕೋಟೆ, ದೇವಾಲಯ, ಅರಮನೆಗಳ ದಾಖಲೆ ಕಂಪನಿಗೆ ಬೇಕಿತ್ತು. 1857ರ ಡಿಸೆಂಬರಿನಲ್ಲಿ ಪ್ರವಾಸ ಹೊರಟ ಟ್ರೈಪ್ ಶ್ರೀರಂಗಂ, ತಿರುಚಿನಾಪಳ್ಳಿ, ಪುದುಕೋಟೆ, ಮಧುರೆ, ತಂಜಾವೂರುಗಳನ್ನು ಸುತ್ತಿದರು. ನಾವು ಹೊಸೂರು ರಸ್ತೆ ಹಿಡಿದು ಹೋದರೆ ಹೊಸೂರಿನ ಆಚೆ ಸಿಗುವ ರಾಯಕೋಟೆಯ ಚಿತ್ರಗಳನ್ನೂ ಅವರು ತೆಗೆದಿದ್ದಾರೆ. ತಂಜಾವೂರಿನ ಬೃಹದೀಶ್ವರ ದೇವಾಲಯದ ಬುಡದಲ್ಲಿರುವ ಶಾಸನಗಳನ್ನು 21 ಚಿತ್ರಗಳಲ್ಲಿ ತೆಗೆದು, ಒಂದಕ್ಕೊಂದು ಜೋಡಿಸಿ ಸುಮಾರು 19 ಅಡಿ ಉದ್ದದ ಒಂದೇ ಪಟ್ಟಿ ಮಾಡಿದರು.

1859ರಲ್ಲಿ ಸರ್ ಚಾರ್ಲ್ಸ್ ಟ್ರೆವೆಲಿಯನ್ ಮದರಾಸಿನ ಗವರ್ನರ್ ಆಗಿ ಬಂದರು. ಅವರ ಕಣ್ಣಿಗೆ ಟ್ರೈಪ್ ಅವರ ವಿಭಾಗ ದುಬಾರಿ ಐಷಾರಾಮವಾಗಿ ಕಂಡಿತು. ಕೆಲಸ ನಿಲ್ಲಿಸಲು ಆದೇಶವಾಯಿತು. 1860ರ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಟ್ರೈಪ್ ಸೈನ್ಯದ ಕೆಲಸಕ್ಕೆ ಮರಳಿದರು, ನಿವೃತ್ತರಾಗಿ ಹುಟ್ಟೂರಿಗೆ ಹೋದರು, 1902ರ ಮಾರ್ಚ್ 2ರಂದು ಅಲ್ಲೇ ನಿಧನರಾದರು. ಅವರ ದೊಡ್ಡ ಕೆಲಸವೆಲ್ಲ ನಡೆದದ್ದು ಆರೇ ವರ್ಷಗಳಲ್ಲಿ.

ಟ್ರೆವೆಲಿಯನ್ ಅವರನ್ನು ನಾನು ಪೂರ್ತಿ ತಪ್ಪು ಎನ್ನಲಾರೆ. ಖರ್ಚು ದೊಡ್ಡದಾಗಿದ್ದುದು ನಿಜ, 1857ರ ಬಂಡಾಯದ ನಂತರ ಹಣದ ಬಿಕ್ಕಟ್ಟೂ ಇತ್ತು. ಆದರೆ ಅಕೌಂಟೆನ್ಸಿ ತರಗತಿಯಲ್ಲಿ ನಾವು ಮೊದಲು ಕಲಿಯುವ ಪಾಠಗಳಲ್ಲಿ ಒಂದು, ಒಂದೇ ವರ್ಷಕ್ಕೆ ಮುಗಿಯುವ ವೆಚ್ಚ ಬೇರೆ, ಬಹುಕಾಲ ಉಳಿಯುವ ಆಸ್ತಿ ಬೇರೆ ಎಂಬುದು. ಟ್ರೈಪ್ ಅವರ ಚಿತ್ರಗಳನ್ನು ಅಂದು ಮೊದಲನೆಯ ಖಾತೆಗೆ ಬರೆದರು. 2014 ಮತ್ತು 2015ರಲ್ಲಿ ವಾಷಿಂಗ್ಟನ್, ನ್ಯೂಯಾರ್ಕ್, ಲಂಡನ್ನಿನ ದೊಡ್ಡ ಸಂಗ್ರಹಾಲಯಗಳು ಅವನ್ನೇ ಪ್ರದರ್ಶನಕ್ಕಿಟ್ಟವು. ಅಂದಿನ ಹಳೇಬೀಡು ಹೇಗಿತ್ತೆಂದು ತಿಳಿಯಲು ಇಂದು ನಮಗಿರುವ ದಾರಿಗಳಲ್ಲಿ ಆ ಚಿತ್ರಗಳೂ ಸೇರಿವೆ.

ಹೋದ ವರ್ಷ ನಮ್ಮ ಅಂಗಡಿಯಿದ್ದ ಹಳೆಯ ಕಟ್ಟಡವನ್ನು ಕೆಡವಿದರು. ಅಲ್ಲಿ ಹೊಲಿಗೆ ಅಂಗಡಿ ಇಟ್ಟವರು ನನ್ನ ದಾದಾ, ಅಂದರೆ ಅಬ್ಬಾರ ತಂದೆ. ಅಂದು ರಾತ್ರಿ ಅಬ್ಬಾ ಬೀರು, ಟ್ರಂಕು ಎಲ್ಲ ತೆಗೆದು ಆ ಅಂಗಡಿಯ ಒಂದು ಫೋಟೋಗಾಗಿ ಹುಡುಕಿದರು. ಮದುವೆಯ ಆಲ್ಬಮ್‌ಗಳು ಸಿಕ್ಕವು. ಅಂಗಡಿಯದು ಒಂದೂ ಇರಲಿಲ್ಲ. ನನ್ನ ಮೊಬೈಲಿನಲ್ಲೂ ಇರಲಿಲ್ಲ. ಪ್ರತಿದಿನ ಅದರ ಮುಂದೆಯೇ ಓಡಾಡುತ್ತಿದ್ದೆ, ತೆಗೆಯಬೇಕೆಂದು ಅನ್ನಿಸಿರಲಿಲ್ಲ.

ಸ್ನೇಹಿತರೇ, ನಮಗೆ ಮೇಣದ ಕಾಗದ ಬೇಡ, ಗಾಡಿ ತುಂಬ ಸಾಮಾನೂ ಬೇಡ. ಜೇಬಿನಲ್ಲಿರುವ ಮೊಬೈಲ್ ಸಾಕು. ಟ್ರೈಪ್ ಅವರಿಂದ ಕಲಿಯಬೇಕಾದದ್ದು ನಿಂತು ನೋಡುವುದನ್ನು. ಜಯನಗರದ ಪುಟ್ಟಣ್ಣ ಚಿತ್ರಮಂದಿರ ಈಗಿಲ್ಲ. ನಮ್ಮ ಬೀದಿಯ ಹೆಂಚಿನ ಮನೆಯೂ ನಾಳೆ ಇರಲಿಕ್ಕಿಲ್ಲ. ಈ ಭಾನುವಾರ ಅಂಥ ಒಂದು ಜಾಗದ ಮುಂದೆ ನಿಲ್ಲಿ, ಬೆಳಕು ಎಲ್ಲಿಂದ ಬೀಳುತ್ತಿದೆ ನೋಡಿ, ಒಂದೇ ಒಂದು ಫೋಟೋ ತೆಗೆಯಿರಿ. ಹಿಂದೆ ಜಾಗದ ಹೆಸರು, ತಾರೀಖು ಬರೆದಿಡಿ. ನಾನು ಶುರು ಮಾಡಿದ್ದೇನೆ. ಮೊದಲ ಫೋಟೋ, ಹೊಸ ಅಂಗಡಿಯ ಬಾಗಿಲಲ್ಲಿ ನಿಂತ ಅಬ್ಬಾರದು.